ಟೇಪು ಅಂಟಿಸಿದ್ದು ನಾನೇ

ನನ್ನ ಮೇಜಿನ ಡ್ರಾಯರ್‌ನಲ್ಲಿ ನೀಲಿ ಬಣ್ಣದ ಟೇಪಿನ ಒಂದು ಸುರುಳಿ ಇದೆ. ಐದು ಸೆಂಟಿಮೀಟರ್ ಅಗಲ, ಕೊಂಡಾಗ ಐದು ಮೀಟರ್ ಉದ್ದ. ಅದರಲ್ಲಿ ಸುಮಾರು ಒಂದು ಮೀಟರನ್ನು ಕಳೆದ ವರ್ಷದ ಫೆಬ್ರುವರಿಯಲ್ಲಿ ನಾನೇ ಕತ್ತರಿಸಿ, ನಮ್ಮ ಕಟ್ಟಡದ ಹುಡುಗನೊಬ್ಬನ ಮೊಣಕಾಲಿಗೆ ಅಂಟಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿಕೊಂಡು, ಅದರಲ್ಲಿ ತೋರಿಸಿದಂತೆ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಮಂಡಿಚಿಪ್ಪಿನ ಎರಡೂ ಬದಿಗೆ ಎಳೆದು ಅಂಟಿಸಿ, ಕೈಯಿಂದ ಉಜ್ಜಿದೆ. ಹುಡುಗ ಎದ್ದು ನಿಂತು ಎರಡು ಸಲ ಕುಣಿದು, "ಅಣ್ಣಾ, ನೋವು ಕಮ್ಮಿ ಆಗ್ಯಾದ ನೋಡ್ರಿ" ಎಂದ. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಬಗ್ಗೆಯೇ ಈ ಬರಹ.

ನಾನಿರುವುದು ಧಾರಾವಿಯಲ್ಲಿ, 90 ಅಡಿ ರಸ್ತೆಯಿಂದ ಒಳಗೆ ಹೋದರೆ ಸಿಗುವ ಒಂದು ಪುನರ್ವಸತಿ ಕಟ್ಟಡದ ಬಾಡಿಗೆ ಮನೆಯಲ್ಲಿ. ಕಲಬುರಗಿಯಲ್ಲಿ ಎಂ.ಟೆಕ್ ಮುಗಿಸಿ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ದಾದರ್‌ನಲ್ಲಿ ಇಳಿದವನು. ಕಚೇರಿ ಇರುವುದು ಮೀಠಿ ನದಿಯ ಆಚೆ, ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. "ಸಾಫ್ಟ್‌ವೇರ್‌ನವನು ಧಾರಾವಿಯಲ್ಲಿ ಯಾಕೆ?" ಎಂದು ಊರಿನವರು ಈಗಲೂ ಕೇಳುತ್ತಾರೆ. ಮುಂಬೈ ಬಾಡಿಗೆ ಗೊತ್ತಿದ್ದವರು ಕೇಳುವುದಿಲ್ಲ. ಜತೆಗೆ ಇಲ್ಲಿ ಮೆಟ್ಟಿಲು ಇಳಿಯುವಾಗ ನಮ್ಮ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ. ಎರಡು ಚದರ ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚಿರುವ ಈ ಜಾಗದಲ್ಲಿ ತಮಿಳರು, ಗುಜರಾತಿನಿಂದ ಬಂದ ಕುಂಬಾರರು, ಉತ್ತರ ಪ್ರದೇಶದ ಹೊಲಿಗೆಯವರು, ಮರಾಠಿಗರು ಎಲ್ಲರೂ ಇದ್ದಾರೆ. ಅವರ ನಡುವೆ ಕಲ್ಯಾಣ ಕರ್ನಾಟಕದಿಂದ ಬಂದ ನಮ್ಮವರೂ ಇದ್ದಾರೆ.

ಹುಡುಗನಿಗೆ ಹತ್ತೊಂಬತ್ತು ವರ್ಷ. ಅಪ್ಪ ಸೇಡಂ ಕಡೆಯವರು, ಲಾರಿಗೆ ಮಾಲು ಏರಿಸುವ ಕೆಲಸ. ಹುಡುಗ ಕಾಲೇಜಿಗೆ ಹೋಗುತ್ತಾನೆ, ಸಂಜೆ ಕಬಡ್ಡಿ ಆಡುತ್ತಾನೆ. ರೈಡರ್. ಮೈ ತೆಳ್ಳಗೆ, ಕಾಲು ಚುರುಕು. ಫೆಬ್ರುವರಿ 19ರ ಶಿವಾಜಿ ಜಯಂತಿಯ ಹೊತ್ತಿಗೆ ಮುಂಬೈಯ ಗಲ್ಲಿಗಳಲ್ಲಿ ಕಬಡ್ಡಿ ಪಂದ್ಯಾವಳಿಗಳ ಸುಗ್ಗಿ. ಅದಕ್ಕೆ ಹತ್ತು ದಿನ ಮುಂಚೆ ಅಭ್ಯಾಸದಲ್ಲಿ ಅವನ ಬಲ ಮೊಣಕಾಲು ತಿರುಚಿಕೊಂಡಿತು. ಒಳಗೆ ಏನೋ ‘ಟಕ್’ ಅಂದಂತಾಯಿತಂತೆ. ಅದೇ ಸಂಜೆ ಮೊಣಕಾಲು ಉಬ್ಬಿತು. ಅವರಮ್ಮ ಅರಿಶಿನ ಹಚ್ಚಿದರು, ಪರಿಚಯದವರೊಬ್ಬರು ಬಂದು ಮಾಲೀಶ್ ಮಾಡಿದರು. ಒಂದು ವಾರದಲ್ಲಿ ಊತ ಇಳಿಯಿತು. ಆದರೆ ಮೆಟ್ಟಿಲು ಇಳಿಯುವಾಗ ಕಾಲು ‘ಲಡಕ್’ ಅಂದು ಜಾರಿದಂತಾಗುತ್ತಿತ್ತು.

ಅವನು ನನ್ನ ಬಳಿ ಬಂದದ್ದು ನಾನು ಡಾಕ್ಟರ್ ಅಂತಲ್ಲ. ಅದಕ್ಕೆ ಎರಡು ವರ್ಷ ಹಿಂದೆ ನನ್ನ ಕಾಲಿಗೆ ಅಂಥ ಟೇಪು ಇದ್ದದ್ದನ್ನು ಅವನು ನೋಡಿದ್ದ. ಜನವರಿಯ ಮ್ಯಾರಥಾನ್ ಜತೆಗೆ ನಡೆಯುವ ಹತ್ತು ಕಿಲೊಮೀಟರ್ ಓಟಕ್ಕೆ ತಯಾರಿ ನಡೆಸುತ್ತಿದ್ದಾಗ ನನ್ನ ಪಾದದ ಕೀಲು ಉಳುಕಿತ್ತು. ಮಾಟುಂಗದ ಫಿಸಿಯೋಥೆರಪಿಸ್ಟ್ ಒಬ್ಬರು ನೋಡಿ, ಟೇಪು ಹಾಕಿ, ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟಿದ್ದರು. ಕಾಲು ಸರಿಯಾಯಿತು. ಓಡಿದೆ. "ಈ ಟೇಪು ಜಾದೂ" ಎಂದು ಕಚೇರಿಯಲ್ಲೂ ಕಟ್ಟಡದಲ್ಲೂ ಹೇಳಿಕೊಂಡು ತಿರುಗಿದೆ. ಹಾಗಾಗಿ ಹುಡುಗ ಬಂದು ಕೇಳಿದಾಗ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ. ಮರುದಿನವೇ ಬಂತು. ನಾನು ಅಂಟಿಸುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವರಮ್ಮ, "ಆ ಬಟ್ಟಿಗೆ ಅಷ್ಟು ತಾಕತ್ತ್ ಅದನಪಾ?" ಎಂದು ಕೇಳಿದರು. ನಾನು ನಕ್ಕು, "ಒಲಿಂಪಿಕ್ಸ್‌ನಾಗ ಹಚ್ಚಕೊಂಡು ಆಡ್ತಾರಮ್ಮ" ಎಂದೆ.

ಅವನು ಎರಡು ಪಂದ್ಯ ಚೆನ್ನಾಗಿಯೇ ಆಡಿದ. ಮೂರನೆಯದರಲ್ಲಿ, ಬೋನಸ್ ಗೆರೆ ಮುಟ್ಟಿ ತಿರುಗುವಾಗ ಬಲಗಾಲು ನೆಲದಲ್ಲಿ ನಿಂತಿತು, ಮೈ ತಿರುಗಿತು. ಯಾರೂ ಅವನನ್ನು ಹಿಡಿದಿರಲಿಲ್ಲ. ಬಿದ್ದವನು ಏಳಲಿಲ್ಲ. ನಾಲ್ಕು ಜನ ಎತ್ತಿಕೊಂಡು ಹೊರಗೆ ತಂದಾಗಲೂ ನೀಲಿ ಟೇಪು ಒಂದಿಷ್ಟೂ ಕಿತ್ತಿರಲಿಲ್ಲ.

ಎಂಆರ್‌ಐ ವರದಿಯಲ್ಲಿ ಎರಡು ಗಾಯಗಳಿದ್ದವು. ಮೊಣಕಾಲಿನ ಒಳಗೆ ತೊಡೆಯ ಮೂಳೆ ಮತ್ತು ಕಾಲಿನ ಮೂಳೆಯನ್ನು ಹಿಡಿದಿಡುವ ಎಸಿಎಲ್ ಎಂಬ ಲಿಗಮೆಂಟ್ ಪೂರ್ತಿ ಹರಿದಿತ್ತು. ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಕೂಡ ಸೀಳಿತ್ತು. ಸರ್ಕಾರಿ ಆಸ್ಪತ್ರೆಯ ಮೂಳೆ ವೈದ್ಯರು ವರದಿ ನೋಡುವುದಕ್ಕೂ ಮೊದಲು ಕೇಳಿದ್ದು, "ಮೊದಲ ಸಲ ತಿರುಚಿದಾಗ ಶಬ್ದ ಬಂತಾ? ಊತ ಎಷ್ಟು ಹೊತ್ತಿಗೆ ಬಂತು?" ಎಂದು. ಲಿಗಮೆಂಟ್ ಬಹುಶಃ ಮೊದಲ ದಿನವೇ ಹರಿದಿದೆ, ಆಮೇಲೆ ಹಿಡಿತವಿಲ್ಲದ ಮೊಣಕಾಲಿನಲ್ಲಿ ಆಡಿದ್ದರಿಂದ ಮೆನಿಸ್ಕಸ್ ಸೀಳಿರಬಹುದು, ಖಚಿತವಾಗಿ ಹೇಳಲಾಗದು ಎಂದರು. ಟಕ್ ಎಂಬ ಶಬ್ದ, ಕೆಲವೇ ಗಂಟೆಗಳಲ್ಲಿ ಊತ, ಕಾಲು ಜಾರಿದಂತಾಗುವುದು. ಈ ಮೂರನ್ನೂ ಹುಡುಗ ನನಗೆ ಹೇಳಿದ್ದ. ನಾನು ಕೇಳಿಸಿಕೊಂಡು ಟೇಪು ಆರ್ಡರ್ ಮಾಡಿದ್ದೆ.

ಟೇಪು ಅವನ ಮೊಣಕಾಲನ್ನು ಮುರಿಯಲಿಲ್ಲ. ಆದರೆ ಅವನು ಅಂಗಳಕ್ಕೆ ಇಳಿಯಲು ಬೇಕಿದ್ದ ಧೈರ್ಯವನ್ನು ಅದು ಕೊಟ್ಟಿತು. ಆ ಧೈರ್ಯಕ್ಕೆ ಆಧಾರ ಏನಿತ್ತು ಎಂಬುದನ್ನು ನಾನು ಓದಲು ಶುರು ಮಾಡಿದ್ದು ಎಲ್ಲ ಮುಗಿದ ಮೇಲೆ.

ಈ ಹಿಗ್ಗುವ ಬಣ್ಣದ ಟೇಪನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ ಎಂಬ ಕೈರೋಪ್ರಾಕ್ಟರ್. ಅದಕ್ಕೂ ಮುಂಚೆ ಆಟಗಾರರು ಬಳಸುತ್ತಿದ್ದದ್ದು ಹಿಗ್ಗದ ಬಿಳಿ ಟೇಪು, ಕೀಲು ಅತಿಯಾಗಿ ಹೊರಳದಂತೆ ಬಿಗಿದು ಕಟ್ಟಲು. ಕಾಸೆ ಅವರ ಟೇಪು ಹತ್ತಿಯದು, ಉದ್ದಕ್ಕೆ ಎಳೆದರೆ ಮೂಲ ಉದ್ದದ ಅರ್ಧದಷ್ಟು ಹಿಗ್ಗುತ್ತದೆ, ಬೆವರಿಗೂ ನೀರಿಗೂ ಬಿಡದೆ ಮೂರರಿಂದ ಐದು ದಿನ ಮೈಮೇಲೆ ಇರುತ್ತದೆ. ಚರ್ಮವನ್ನು ಅದು ಸ್ವಲ್ಪ ಮೇಲಕ್ಕೆತ್ತಿ ಸುಕ್ಕುಗಳನ್ನು ಮಾಡುತ್ತದೆ, ಅದರಿಂದ ಕೆಳಗೆ ರಕ್ತ ಮತ್ತು ದುಗ್ಧರಸದ ಸಂಚಾರ ಸುಗಮವಾಗಿ ನೋವು, ಊತ ಇಳಿಯುತ್ತವೆ ಎಂಬುದು ವಾದ.

ಜಗತ್ತು ಇದನ್ನು ಗಮನಿಸಿದ್ದು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ. ಅಮೆರಿಕದ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಕಪ್ಪು ಟೇಪಿನ ವಿನ್ಯಾಸವಿತ್ತು, ಅವರು ಚಿನ್ನ ಗೆದ್ದರು. ಆ ಕೂಟಕ್ಕೆ ಟೇಪಿನ ಕಂಪನಿ 58 ದೇಶಗಳಿಗೆ 50,000 ಸುರುಳಿಗಳನ್ನು ಉಚಿತವಾಗಿ ಕೊಟ್ಟಿತ್ತು. ಜಾಹೀರಾತು ಎಂದರೆ ಇದು. ಗೆದ್ದವರ ಮೈಮೇಲೂ ಟೇಪು, ಸೋತವರ ಮೈಮೇಲೂ ಟೇಪು. ಆದರೆ ಕ್ಯಾಮೆರಾ ತಿರುಗುವುದು ಗೆದ್ದವರ ಕಡೆಗೆ. ನಮ್ಮಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಧಾರಾವಿಯ ಹುಡುಗರೂ ಟೀವಿಯಲ್ಲಿ ಆಟಗಾರರ ಕಾಲು, ಬೆರಳು, ಭುಜಗಳಲ್ಲಿ ಟೇಪು ನೋಡಿದರು. ಈಗ ನಮ್ಮ ಬೀದಿಯ ಮೆಡಿಕಲ್ ಅಂಗಡಿಯಲ್ಲೂ ಅದು ಸಿಗುತ್ತದೆ. ಕೆಂಪು ಬಿಸಿ, ನೀಲಿ ತಂಪು ಎಂದು ಅಂಗಡಿಯವರು ಹೇಳುವುದನ್ನೂ ಕೇಳಿದ್ದೇನೆ. ಬಣ್ಣಕ್ಕೂ ಪರಿಣಾಮಕ್ಕೂ ಯಾವ ಸಂಬಂಧವೂ ಇಲ್ಲ.

ಪರೀಕ್ಷೆ ಮಾಡಿದವರು ಏನು ಕಂಡರು? 2008ರಲ್ಲಿ ಅಮೆರಿಕದಲ್ಲಿ ಭುಜ ನೋವಿದ್ದ 42 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಪದ್ಧತಿಯ ಪ್ರಕಾರ ಟೇಪು, ಉಳಿದವರಿಗೆ ಹೆಸರಿಗಷ್ಟೇ ಅಂಟಿಸಿದ ಟೇಪು. ಸರಿಯಾದ ಟೇಪು ಹಾಕಿಸಿಕೊಂಡವರು ಆ ಕ್ಷಣದಲ್ಲಿ ನೋವಿಲ್ಲದೆ ಕೈಯನ್ನು ತುಸು ಹೆಚ್ಚು ಎತ್ತಬಲ್ಲವರಾದರು. ಮೂರನೆಯ ದಿನ, ಆರನೆಯ ದಿನ ನೋಡಿದಾಗ ನೋವಿನಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. 2014ರಲ್ಲಿ ಸೊಂಟನೋವಿನ 148 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗ ನೇರವಾಗಿ ಸುಕ್ಕಿನ ವಾದವನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ಟೇಪನ್ನು ಎಳೆದು ಚರ್ಮದಲ್ಲಿ ಸುಕ್ಕು ಬರುವಂತೆ ಅಂಟಿಸಿದರು, ಇನ್ನೊಂದಕ್ಕೆ ಎಳೆಯದೆ ಅಂಟಿಸಿದರು. ಎಳೆದದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅದೇ ವರ್ಷ 12 ಪ್ರಯೋಗಗಳ, 495 ಜನರ ಮಾಹಿತಿಯನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಯೊಂದು, ಚಿಕಿತ್ಸೆಯಲ್ಲಿ ಇದನ್ನು ಬಳಸಲು ಸಾಕಷ್ಟು ಪುರಾವೆ ಇಲ್ಲ ಎಂದಿತು.

ನನಗೆ ಹೆಚ್ಚು ಹಿಡಿಸಿದ್ದು 2015ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಸಂಶೋಧಕರ ಪ್ರಯೋಗ. ಈ ಟೇಪಿನ ಬಗ್ಗೆ ಏನೂ ಗೊತ್ತಿಲ್ಲದ 30 ಮಂದಿ ಆರೋಗ್ಯವಂತರನ್ನು ಹುಡುಕಿ, ಅದು ಏತಕ್ಕೆ ಎಂದು ಹೇಳದೆ ಅಂಟಿಸಿ, ತೊಡೆಯ ಸ್ನಾಯುಗಳ ಬಲ ಅಳೆದರು. ಟೇಪಿದ್ದಾಗಲೂ ಇಲ್ಲದಾಗಲೂ ಬಲ ಒಂದೇ. ಅಂದರೆ ಹಿಂದೆ ಕೆಲವರಲ್ಲಿ ಕಂಡಿದ್ದ ಹೆಚ್ಚಿನ ಬಲ ಸ್ನಾಯುವಿನಿಂದಲ್ಲ, ನಂಬಿಕೆಯಿಂದ ಬಂದಿರಬಹುದು. ಅಮೆರಿಕದಲ್ಲಿ ಕೆಟಿ ಟೇಪ್ ಎಂಬ ಜನಪ್ರಿಯ ಬ್ರ್ಯಾಂಡಿನ ಕಂಪನಿ, ತನ್ನ ಜಾಹೀರಾತಿನ ಮಾತುಗಳ ವಿರುದ್ಧ ಗ್ರಾಹಕರು ಹೂಡಿದ ಮೊಕದ್ದಮೆಯನ್ನು 17.5 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಹಾಗಾದರೆ ಹುಡುಗನ ನೋವು ಕಡಿಮೆಯಾದದ್ದು ಸುಳ್ಳೇ? ಅಲ್ಲ. ಮಗು ಬಿದ್ದರೆ ತಾಯಿ ಮೊದಲು ಪೆಟ್ಟು ಬಿದ್ದ ಜಾಗವನ್ನು ಉಜ್ಜುತ್ತಾಳೆ, ಅಳು ಇಳಿಯುತ್ತದೆ. ಚರ್ಮದಿಂದ ಹೋಗುವ ಸ್ಪರ್ಶದ ಸಂದೇಶಗಳು ಬೆನ್ನುಹುರಿಯ ಮಟ್ಟದಲ್ಲಿ ನೋವಿನ ಸಂದೇಶಗಳನ್ನು ಒಂದಿಷ್ಟು ತಡೆಯುತ್ತವೆ ಎಂದು ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲೇ ಸೂಚಿಸಿದ್ದರು. ಟೇಪು ಚರ್ಮವನ್ನು ದಿನವಿಡೀ ಹಿಡಿದೆಳೆಯುತ್ತಾ ಅಂಥದ್ದೇ ಏನನ್ನೋ ಮಾಡುತ್ತಿರಬಹುದು. ಜತೆಗೆ ‘ನನಗೆ ಏನೋ ಚಿಕಿತ್ಸೆ ಆಗಿದೆ’ ಎಂಬ ಭರವಸೆ. ಎರಡೂ ಸೇರಿ ನೋವು ಕೆಲ ಹೊತ್ತು ತಗ್ಗುತ್ತದೆ. ನಮ್ಮ ಕಸುಬಿನಲ್ಲಿ ಸರ್ವರ್ ಬಿಸಿಯಾದರೆ ಅಲಾರಂ ಕೂಗುತ್ತದೆ. ಅಲಾರಂ ಮ್ಯೂಟ್ ಮಾಡಿದರೆ ಕೋಣೆ ಶಾಂತವಾಗುತ್ತದೆ, ಸರ್ವರ್ ತಣ್ಣಗಾಗುವುದಿಲ್ಲ. ಕಚೇರಿಯಲ್ಲಿ ಕಿರಿಯರು ಹಾಗೆ ಮಾಡಿದರೆ ಬೈಯುವ ನಾನು, ಒಂದು ಮೊಣಕಾಲಿನ ಅಲಾರಂ ಅನ್ನು ಮ್ಯೂಟ್ ಮಾಡಿದ್ದೆ.

ಎಲ್ಲ ಟೇಪೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಹಿಗ್ಗದ ಬಿಳಿ ಟೇಪಿನ ಮಾತು ಬೇರೆ. ಒಮ್ಮೆ ಪಾದದ ಕೀಲು ಉಳುಕಿದ ಆಟಗಾರರಲ್ಲಿ ಮತ್ತೆ ಉಳುಕುವುದನ್ನು ಅದು ಅಥವಾ ಕಟ್ಟುವ ಬ್ರೇಸ್ ಕಡಿಮೆ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಅದಕ್ಕೂ ಮಿತಿಯುಂಟು. ಹತ್ತು ನಿಮಿಷ ಬಿರುಸಾಗಿ ಆಡಿದ ಮೇಲೆ ಕಟ್ಟಿನ ಬಲದಲ್ಲಿ ಸುಮಾರು ಶೇ 40ರಷ್ಟು ಸಡಿಲವಾಗುತ್ತದೆ ಎಂದು 1962ರಲ್ಲೇ ಅಳೆದು ತೋರಿಸಿದ್ದಾರೆ. ಮಂಡಿಚಿಪ್ಪಿನ ನೋವಿಗೆ ಚಿಪ್ಪನ್ನು ಒಂದು ಬದಿಗೆ ಸರಿಸಿ ಬಿಗಿ ಟೇಪು ಹಾಕುವ ವಿಧಾನವನ್ನು ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆನ್ನಿ ಮೆಕ್‌ಕಾನೆಲ್ 1986ರಲ್ಲಿ ಪ್ರಕಟಿಸಿದರು. ಅವರ ವಿಧಾನದಲ್ಲಿ ಟೇಪು ಬರುವುದು ವ್ಯಾಯಾಮದ ಜತೆಗೆ. ನೋವು ತಗ್ಗಿದ ಆ ಹೊತ್ತನ್ನು ತೊಡೆಯ ಸ್ನಾಯು ಬಲಪಡಿಸಲು ಬಳಸಿಕೊಳ್ಳಬೇಕು ಎಂಬುದು ಅದರ ತಿರುಳು.

ಇಲ್ಲಿ ನನ್ನ ಸ್ವಂತ ಕಾಲಿನ ಕಥೆಯೂ ನನಗೆ ತಿರುಗಿ ಅರ್ಥವಾಯಿತು. ಮಾಟುಂಗದ ಆ ಫಿಸಿಯೋಥೆರಪಿಸ್ಟ್ ನನಗೆ ಕೊಟ್ಟಿದ್ದ ಹಾಳೆಯನ್ನು ಹುಡುಕಿ ತೆಗೆದೆ. ಒಂಟಿ ಕಾಲಿನಲ್ಲಿ ನಿಲ್ಲುವುದು, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಆರು ವಾರ, ದಿನಕ್ಕೆ ಎರಡು ಸಲ. ಇದನ್ನೆಲ್ಲ ಹಲ್ಲುಜ್ಜುವಾಗ ಮಾಡಿ ಮುಗಿಸಿದ್ದೆ. ಟೇಪು ಇದ್ದದ್ದು ಮೊದಲ ಹತ್ತು ದಿನ ಮಾತ್ರ. ಕಾಲು ಸರಿ ಮಾಡಿದ್ದು ಆ ಹಾಳೆ. ನಾನು ಊರಿಗೆಲ್ಲ ಹೊಗಳಿದ್ದು ಟೇಪನ್ನು, ಯಾಕೆಂದರೆ ಕಣ್ಣಿಗೆ ಕಾಣುವುದು ಅದೇ. ನಾನು ಬಚ್ಚಲಲ್ಲಿ ಒಂಟಿ ಕಾಲಿನಲ್ಲಿ ನಿಂತದ್ದನ್ನು ಹುಡುಗ ಎಲ್ಲಿ ನೋಡಬೇಕು?

ದೊಡ್ಡ ಆಟಗಾರರ ವಿಷಯದಲ್ಲೂ ನಾವು ನೋಡುವುದು ಹೀಗೆಯೇ. 2002ರಲ್ಲಿ ಆಂಟಿಗುವಾ ಟೆಸ್ಟ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಎಸೆದರು, ಬ್ರಯಾನ್ ಲಾರಾ ಅವರ ವಿಕೆಟ್ ತೆಗೆದರು. ಆ ಪಟ್ಟಿಯ ಚಿತ್ರ ಪ್ರತಿ ಕನ್ನಡಿಗನ ಮನಸ್ಸಿನಲ್ಲಿದೆ. ಅದರ ಮುಂದಿನ ಭಾಗ ಯಾರೂ ನೆನೆಯುವುದಿಲ್ಲ. ಅವರು ಸರಣಿ ಬಿಟ್ಟು ಬೆಂಗಳೂರಿಗೆ ಮರಳಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಪಟ್ಟಿ ಕೆಲವು ಗಂಟೆ ದವಡೆಯನ್ನು ಹಿಡಿದುಕೊಂಡಿತ್ತು, ಅಷ್ಟೇ ಅದರ ಕೆಲಸ.

ಕಬಡ್ಡಿಯದ್ದೇ ಉದಾಹರಣೆ ಬೇಕೆಂದರೆ ಪವನ್ ಸೆಹ್ರಾವತ್ ಇದ್ದಾರೆ. 2019ರ ಜನವರಿಯಲ್ಲಿ ಇದೇ ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ 22 ಅಂಕ ಗಳಿಸಿ ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದುಕೊಟ್ಟವರು. ನಮ್ಮ ಹುಡುಗನ ಗೋಡೆಯ ಮೇಲೆ ಅವರ ಫೋಟೊ ಇದೆ. 2022ರ ಅಕ್ಟೋಬರ್‌ನಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯದಲ್ಲೇ, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, ಅವರ ಮೊಣಕಾಲಿಗೆ ಗಾಯವಾಯಿತು. ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿದ್ದ ತಂಡ ಟೇಪು ಅಂಟಿಸಿ ಇಳಿಸಲಿಲ್ಲ, ಇಡೀ ಋತು ಹೊರಗೆ ಕೂರಿಸಿತು. ಮರುವರ್ಷ ಅವರು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರಾಗಿದ್ದರು. ಆ ನಡುವಿನ ತಿಂಗಳುಗಳನ್ನು ಯಾವ ವಾಹಿನಿಯೂ ನೇರ ಪ್ರಸಾರ ಮಾಡಲಿಲ್ಲ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರು ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಿದರೆ ಮತ್ತೆ ಗಾಯವಾಗುವ ಅಪಾಯ ಬಹಳ ಹೆಚ್ಚು, ಕಾಯ್ದ ಪ್ರತಿ ತಿಂಗಳೂ ಅಪಾಯವನ್ನು ತಗ್ಗಿಸುತ್ತದೆ ಎಂದು ಯುರೋಪ್ ಮತ್ತು ಅಮೆರಿಕದ ಅಧ್ಯಯನಗಳು ತೋರಿಸಿವೆ.

ಒಂಬತ್ತು ತಿಂಗಳು ಎಂಬ ಮಾತು ಧಾರಾವಿಯಲ್ಲಿ ಎಷ್ಟು ದುಬಾರಿ ಎಂಬುದೇ ನಿಜವಾದ ಸಮಸ್ಯೆ. ಇಲ್ಲಿಯ ಹುಡುಗಿ ಸಿಮ್ರಾನ್ ಶೇಖ್ ಅವರನ್ನು 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗ್ ಹರಾಜಿನಲ್ಲಿ ಗುಜರಾತ್ ಜೈಂಟ್ಸ್ 1.90 ಕೋಟಿ ರೂಪಾಯಿಗೆ ಕೊಂಡಾಗ ನಮ್ಮ ಓಣಿಗಳಲ್ಲಿ ಎಲ್ಲ ಮಕ್ಕಳ ಕಣ್ಣು ಅರಳಿತ್ತು. ಆಟ ಇಲ್ಲಿ ಬರೀ ಆಟವಲ್ಲ, ಹೊರಗೆ ಹೋಗುವ ಒಂದು ಬಾಗಿಲು. ಗಲ್ಲಿ ಪಂದ್ಯಾವಳಿಯಲ್ಲಿ ಯಾರೋ ನೋಡುತ್ತಾರೆ, ಕ್ಲಬ್ಬಿಗೆ ಕರೆಯುತ್ತಾರೆ ಎಂಬ ಆಸೆಯಲ್ಲಿರುವವನಿಗೆ ‘ಈ ಸಲ ಬಿಡು’ ಎಂದು ಹೇಳುವುದು ಸುಲಭವಲ್ಲ. ಅವನ ಅಪ್ಪನದ್ದೂ ಅದೇ ಕಥೆ. ಸೊಂಟ ಹಿಡಿದರೂ ಮಾಲು ಎತ್ತಲೇಬೇಕು, ಎತ್ತದ ದಿನ ಕೂಲಿ ಇಲ್ಲ. ಕುಂಭಾರವಾಡದಲ್ಲಿ ಮಣ್ಣು ತುಳಿಯುವವರ ಮಂಡಿ, ಹೊಲಿಗೆ ಕೋಣೆಯಲ್ಲಿ ಬಗ್ಗಿ ಕೂತವರ ಕುತ್ತಿಗೆ, ಎಲ್ಲಕ್ಕೂ ಮೆಡಿಕಲ್ ಅಂಗಡಿಯ ಮುಲಾಮು, ಮಾತ್ರೆ, ಈಗ ಟೇಪು. ಇವೆಲ್ಲವೂ ಮಾಡುವ ವಾಗ್ದಾನ ಒಂದೇ: ನಿಲ್ಲಿಸದೆಯೇ ವಾಸಿಯಾಗಬಹುದು. ಕೆಲವು ನೂರು ರೂಪಾಯಿಗೆ ಆ ವಾಗ್ದಾನ ಸಿಗುವಾಗ ಯಾರು ಬೇಡ ಅನ್ನುತ್ತಾರೆ? ವಿಶ್ರಾಂತಿ ತೆಗೆದುಕೊಳ್ಳಲು ಸಾಧ್ಯವಿರುವ ನನ್ನಂಥವನು ಅದನ್ನು ಅವರಿಗೆ ಶಿಫಾರಸು ಮಾಡಬಾರದಿತ್ತು.

ಟೇಪನ್ನು ನಿಷೇಧಿಸಿ ಎನ್ನುತ್ತಿಲ್ಲ. ಅದರಿಂದ ದೊಡ್ಡ ಹಾನಿ ಇಲ್ಲ. ಹಳೆಯ ಸಣ್ಣ ನೋವು, ಪರೀಕ್ಷೆ ಮಾಡಿಸಿ ಏನೆಂದು ಗೊತ್ತಾಗಿರುವ ನೋವು, ವ್ಯಾಯಾಮ ಮಾಡಲು ಬಿಡದ ನೋವು, ಇಂಥವಕ್ಕೆ ಹಾಕಿಕೊಳ್ಳಿ. ಗಾಯ, ಹುಣ್ಣು, ಅಲರ್ಜಿ ಇರುವ ಚರ್ಮದ ಮೇಲೆ ಬೇಡ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದ ಪಾದಕ್ಕೆ ವೈದ್ಯರನ್ನು ಕೇಳದೆ ಬೇಡ. ಎರಡು ತುದಿಗಳನ್ನು ಎಳೆಯದೆ ಅಂಟಿಸಿ, ತುರಿಸಿದರೆ ಕೂಡಲೇ ಎಣ್ಣೆ ಹಚ್ಚಿ ಕೂದಲಿನ ದಿಕ್ಕಿಗೆ ನಿಧಾನವಾಗಿ ತೆಗೆಯಿರಿ. ಮುಂಬೈ, ಮಂಗಳೂರಿನ ಸೆಕೆಯಲ್ಲಿ ಐದು ದಿನ ಬಿಡುವ ಹಟ ಬೇಡ.

ಆದರೆ ಈ ಲಕ್ಷಣಗಳಿದ್ದರೆ ಟೇಪಿನ ಸುರುಳಿಗೆ ಕೈ ಹಾಕಬೇಡಿ: ಪೆಟ್ಟಾದಾಗ ಒಳಗೆ ಶಬ್ದ ಬಂದಿದ್ದರೆ, ಕೆಲವೇ ಗಂಟೆಗಳಲ್ಲಿ ಕೀಲು ಊದಿದ್ದರೆ, ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮೊಣಕಾಲು ಸಿಕ್ಕಿಹಾಕಿಕೊಂಡರೆ ಅಥವಾ ಜಾರಿದರೆ, ಜೋಮು ಬಂದರೆ. ಇವು ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ವೈದ್ಯರು ಕೈಯಿಂದ ಮುಟ್ಟಿ ನೋಡಬೇಕಾದ ಗಾಯಗಳು. ಎಸಿಎಲ್ ಹರಿದಿದೆಯೇ ಎಂಬುದನ್ನು ಅನುಭವವಿರುವವರು ಕಾಲನ್ನು ಹಿಡಿದು ಎಳೆದು ನೋಡಿಯೇ ಬಹುಮಟ್ಟಿಗೆ ಹೇಳಬಲ್ಲರು. ಅದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷ ನಮ್ಮ ಹುಡುಗನಿಗೆ ಪಂದ್ಯಾವಳಿಗೆ ಮುಂಚೆ ಸಿಗಲಿಲ್ಲ.

ಅದು ಸಿಗುವಂತೆ ಮಾಡುವುದು ಸಾಧ್ಯವೇ? ಸಾಧ್ಯ ಎಂದೇ ನನ್ನ ವಾದ. ಗಲ್ಲಿ ಪಂದ್ಯಾವಳಿಗಳ ಖರ್ಚನ್ನು ಒಮ್ಮೆ ನೋಡಿ. ಆಳೆತ್ತರದ ಟ್ರೋಫಿ, ಡಿಜೆ, ನಾಯಕರ ಫ್ಲೆಕ್ಸು, ಸರಣಿಶ್ರೇಷ್ಠನಿಗೆ ಬೈಕು. ಅಂಗಳದ ಪಕ್ಕ ಒಬ್ಬ ಫಿಸಿಯೋಥೆರಪಿಸ್ಟ್ ಕೂರಿಸಲು ಇದರ ಸಣ್ಣ ಪಾಲು ಸಾಕು. ಮುಂಬೈಯಲ್ಲಿ, ಕರ್ನಾಟಕದಲ್ಲಿ ಫಿಸಿಯೋಥೆರಪಿ ಕಾಲೇಜುಗಳಿಗೆ ಕೊರತೆಯಿಲ್ಲ. ಅವುಗಳ ಇಂಟರ್ನ್‌ಗಳನ್ನು ಹಿರಿಯರೊಬ್ಬರ ಜತೆ ಪಂದ್ಯದ ಹಿಂದಿನ ದಿನ ಕಳಿಸಿಕೊಡಿ ಎಂದು ಸಂಘಟಕರು ಒಂದು ಪತ್ರ ಬರೆದರೆ, ಕಾಲೇಜಿಗೂ ಕಲಿಕೆ, ಹುಡುಗರಿಗೂ ಪರೀಕ್ಷೆ. 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನು ನಿಯಂತ್ರಣಕ್ಕೆ ಒಳಪಟ್ಟ ವೃತ್ತಿಗಳ ಪಟ್ಟಿಗೆ ತಂದಿದೆ. ಮಾಲೀಶ್‌ನವರಿಗೂ ಅರ್ಹರಿಗೂ ವ್ಯತ್ಯಾಸ ಕೇಳುವ ಹಕ್ಕು ನಮಗಿದೆ.

ಮುಂಬೈಯ ಕನ್ನಡ ಸಂಘಗಳಿಗೂ ಒಂದು ಮಾತು. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಹಿರಿಯ ಸಂಸ್ಥೆಗಳು ಧಾರಾವಿಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ನಾಟಕ, ಸಂಗೀತ, ಉಪನ್ಯಾಸಗಳನ್ನು ಅವು ದಶಕಗಳಿಂದ ನಡೆಸಿಕೊಂಡು ಬಂದಿವೆ. ನಮ್ಮವರಲ್ಲಿ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಆಡುವ ಹುಡುಗ ಹುಡುಗಿಯರ ಕಾಲು, ದುಡಿಯುವವರ ಸೊಂಟ ನೋಡುವ ಒಂದು ಶಿಬಿರ ಇಟ್ಟರೆ ಅದೂ ಕನ್ನಡದ ಕೆಲಸವೇ ಆಗುತ್ತದೆ. ಲೆಕ್ಕ, ನೋಂದಣಿ, ಫೋನ್ ಮಾಡುವ ಕೆಲಸ ನನ್ನಂಥವರು ಮಾಡುತ್ತೇವೆ.

ಇನ್ನು ತರಬೇತುದಾರರಿಗೆ. ಫಿಫಾ ರೂಪಿಸಿದ ‘11 ಪ್ಲಸ್’ ಎಂಬ ಇಪ್ಪತ್ತು ನಿಮಿಷದ ತಯಾರಿ ವ್ಯಾಯಾಮವಿದೆ. ಓಟ, ಒಂಟಿ ಕಾಲಿನ ಸಮತೋಲನ, ಜಿಗಿದು ಸರಿಯಾಗಿ ಇಳಿಯುವುದು, ತೊಡೆಯ ಹಿಂಭಾಗದ ಬಲ. ನಾರ್ವೆಯಲ್ಲಿ 1,892 ಫುಟ್‌ಬಾಲ್ ಹುಡುಗಿಯರ ಮೇಲೆ ಪರೀಕ್ಷಿಸಿದಾಗ ಇದನ್ನು ಮಾಡಿದ ಗುಂಪಿನಲ್ಲಿ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಅದು ಫುಟ್‌ಬಾಲಿನದ್ದು, ನಿಜ. ಆದರೆ ಓಡಿ, ನಿಂತು, ಥಟ್ಟನೆ ತಿರುಗುವ ಕೆಲಸ ಕಬಡ್ಡಿಯಲ್ಲೂ ಇದೆ. ಉಪಕರಣ ಬೇಡ, ದುಡ್ಡು ಬೇಡ, ಹೆಚ್ಚು ಜಾಗವೂ ಬೇಡ. ಟೇಪಿನಷ್ಟು ಚಂದ ಕಾಣುವುದಿಲ್ಲ ಎಂಬುದೊಂದೇ ಅದರ ದೋಷ.

ಹುಡುಗನಿಗೆ ಜೂನ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಏಳನೇ ತಿಂಗಳು. ಎರಡು ತೊಡೆಗಳ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೈಲರ್ ಟೇಪಿನಲ್ಲಿ ಅಳೆದು ಒಂದು ಶೀಟಿನಲ್ಲಿ ಬರೆದಿಡುವುದು ನನ್ನ ಕೆಲಸ. ಬಲ ತೊಡೆ ಇನ್ನೂ ಒಂದೂವರೆ ಸೆಂಟಿಮೀಟರ್ ಕಡಿಮೆಯಿದೆ. ನಡುವೆ ಮೆಟ್ಟಿಲು ಹತ್ತುವ ವ್ಯಾಯಾಮದಲ್ಲಿ ಮಂಡಿಚಿಪ್ಪು ನೋಯಲು ಶುರುವಾದಾಗ ಫಿಸಿಯೋಥೆರಪಿ ವಿಭಾಗದ ಮೇಡಂ ಅವನ ಚಿಪ್ಪಿಗೆ ಟೇಪು ಹಾಕಿದರು. ನಾನು ಮುಖ ನೋಡಿದೆ. "ಇದು ಮೆಟ್ಟಿಲಿಗೆ, ಮೈದಾನಕ್ಕಲ್ಲ" ಎಂದರು. ಮೂರು ವಾರದಲ್ಲಿ ತೆಗೆದುಬಿಟ್ಟರು.

ಸಂಜೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ಅವನು ನಮ್ಮ ಮಹಡಿಯ ಗೋಡೆ ಹಿಡಿದು ಒಂಟಿ ಕಾಲಿನಲ್ಲಿ ಬಗ್ಗಿ ಏಳುತ್ತಿರುತ್ತಾನೆ. ಅವರಮ್ಮ ಬಾಗಿಲಲ್ಲಿ ಕೂತು ಎಣಿಸುತ್ತಾರೆ. ಮೊನ್ನೆ ಕೇಳಿದ: "ಅಣ್ಣಾ, ಫೆಬ್ರುವರಿಗೆ ಆಡಬಹುದೇನ್ರಿ?" ನನ್ನ ಬಳಿ ಉತ್ತರವಿರಲಿಲ್ಲ. "ಮೇಡಂಗ ಕೇಳಮು" ಎಂದೆ. ಹೋದ ವರ್ಷವೂ ನಾನು ಹೇಳಬೇಕಾಗಿದ್ದದ್ದು ಅಷ್ಟೇ.